ಎರಡು ಜೊತೆ ಕೈಗವಸು

ನಾಡಿ ಸಿಗಲಿಲ್ಲ. ನರ್ಸಿಂಗ್ ಓದುತ್ತಿದ್ದ ಹುಡುಗಿ ಮಂಚದಲ್ಲಿದ್ದ ರೋಗಿ ಅಜ್ಜಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒತ್ತಿದಳು, ಸ್ವಲ್ಪ ಮೇಲೆ ಸರಿಸಿದಳು, ಕೆಳಗೆ ಸರಿಸಿದಳು. ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡ ಮೇಲೆ ಬೆರಳುಗಳು ಬೇರೆ ಯಾರವೋ ಆಗಿಬಿಟ್ಟಿದ್ದವು. ನಾಡಿ ತೋರಿಸುವ ಯಂತ್ರವನ್ನು ಬೆಳಿಗ್ಗೆಯೇ ಪಕ್ಕದ ವಾರ್ಡಿಗೆ ಒಯ್ದಿದ್ದರು. ಅಲ್ಲಿಯವರಿಗೆ ಅದರ ಅಗತ್ಯ ಹೆಚ್ಚಂತೆ.

ಅಷ್ಟರಲ್ಲಿ ದಿಂಬಿನ ಪಕ್ಕದ ಫೋನು ಹೊಡೆದುಕೊಂಡಿತು. ಅಜ್ಜಿಯ ಮಗಳು. ಸೋಂಕಿನ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ, ಹಾಗಾಗಿ ದಿನಕ್ಕೆ ಹತ್ತು ಸಲ ಇದೇ ದನಿ.

"ಅಮ್ಮ ಹೇಗಿದಾಳಮ್ಮಾ?"

"ಮಲಗಿದಾರೆ."

"ನಾಡಿ ನೋಡಿದ್ಯಾ?"

"ನೋಡ್ತಾ ಇದೀನಿ, ತಡೀರಿ."

ಹೆಬ್ಬೆರಳು ಒತ್ತಿದಳು. ಸಿಕ್ಕಿತು! ಟಕ್ ಟಕ್ ಎಂದು, ಸ್ವಲ್ಪ ಜೋರಾಗಿಯೇ. ಹೋದ ಜೀವ ಬಂದಂತಾಯಿತು.

"ಚೆನ್ನಾಗಿದೆ. ಗಾಬರಿ ಬೀಳ್ಬೇಡಿ."

"ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಎಂದು ಆ ಕಡೆಯವಳು ಅತ್ತಳು.

ಈ ವಾರ್ಡಿಗೆ ಬಂದ ಇಷ್ಟು ತಿಂಗಳಲ್ಲಿ ಇವಳಿಗೆ ಯಾರೂ ಹೀಗೆ ಅಂದಿರಲಿಲ್ಲ. ಮನೆಯಲ್ಲಿ ಅಮ್ಮ ಊಟದ ತಟ್ಟೆಯನ್ನು ಕೋಣೆಯ ಹೊರಗಿಟ್ಟು, ದೂರ ನಿಂತು ಕೂಗುತ್ತಾಳೆ. ಇಲ್ಲಿ ಗೌನಿನ ಎದೆಯ ಮೇಲೆ ದಪ್ಪ ಮಸಿಯಲ್ಲಿ 'ಸ್ಟೂಡೆಂಟ್' ಎಂದು ಬರೆದಿದ್ದಾರೆ, ಎಲ್ಲರೂ ಹಾಗೆಯೇ ಕರೆಯುತ್ತಾರೆ. ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು.

ಸಿಸ್ಟರ್ ಬಂದವರು ಅಜ್ಜಿಯ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ದವಡೆ ಅಲುಗಿಸಿ ನೋಡಿದರು.

"ಹೋಗಿ ಹೊತ್ತಾಗಿದೆ. ದವಡೆ ಬಿಗಿದಿದೆ. ನಾಡಿ ನೋಡ್ಲಿಲ್ವಾ ನೀನು?"

"ಸಿಕ್ತು, ಸಿಸ್ಟರ್. ಈಗಷ್ಟೇ."

"ಯಾವ ಬೆರಳಲ್ಲಿ?"

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡಳು. ಹೆಬ್ಬೆರಳಿಗೆ ತನ್ನದೇ ಬಡಿತವಿದೆ, ಅದರಿಂದ ಹಿಡಿದರೆ ನಮ್ಮ ನಾಡಿಯೇ ನಮಗೆ ಸಿಗುತ್ತದೆ ಎಂಬುದು ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಭೇಷ್ ಅನ್ನಿಸಿಕೊಂಡಿದ್ದಳು. ಮರೆತಿರಲಿಲ್ಲ. ಏನಾದರೂ ಸಿಗಲೇಬೇಕೆಂದು ಬೆರಳು ಬದಲಿಸಿದ್ದಳು.

"ಮಗಳಿಗೇನು ಹೇಳಿದೆ?"

"ಚೆನ್ನಾಗಿದೆ ಅಂದೆ."

ಸಿಸ್ಟರ್ ಕಣ್ಣು ಮುಚ್ಚಿ ತೆರೆದರು. "ಬೈಯೋಕೂ ಪುರುಸೊತ್ತಿಲ್ಲ ನಂಗೆ. ಡಾಕ್ಟರನ್ನ ಕರ್ಕೊಂಡು ಬರ್ತೀನಿ. ಅವರು ನೋಡಿದ ಮೇಲೆ ನೀನೇ ಹೇಳು."

ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಂಡಳು. ಅದರಲ್ಲಿ ದುಃಖ ಇರಬೇಕಿತ್ತು. ಒಳಗೆಲ್ಲ ತಡಕಾಡಿದಳು. ಸಿಕ್ಕಿಬಿದ್ದೆನಲ್ಲ ಎಂಬ ಭಯ ಬಿಟ್ಟರೆ ಬೇರೇನೂ ಇರಲಿಲ್ಲ.

ಫೋನು ಮತ್ತೆ ಹೊಡೆದುಕೊಳ್ಳತೊಡಗಿತು.

ಎತ್ತಲಿಲ್ಲ. ಪಾಠದಲ್ಲಿದ್ದ ಹಾಗೆಯೇ ಮೂರು ಬೆರಳನ್ನು ಸಾಲಾಗಿ ಜೋಡಿಸಿ ತನ್ನದೇ ಮಣಿಕಟ್ಟಿನ ಮೇಲಿಟ್ಟಳು. ಏನೂ ಸಿಗಲಿಲ್ಲ. ಇನ್ನಷ್ಟು ಬಲವಾಗಿ ಒತ್ತಿ ಹಿಡಿದು, ಅಜ್ಜಿಯ ಮಂಚದ ಅಂಚಿನಲ್ಲಿ ಕಾಯುತ್ತಾ ಕೂತಳು.