ಪ್ರಥಮೇಶನಿಗೆ ಕಟ್ಟಿದ ಬುತ್ತಿ

ಉಟಗಿಯಲ್ಲಿ ಸುದ್ದಿ ಎಸ್‌ಟಿ ಬಸ್ಸಿಗೆ ಕಾಯುವುದಿಲ್ಲ. ನೀರಿನ ಸರದಿಯ ಜಗಳದಲ್ಲಿ ಕಲ್ಲೇಟು ತಿಂದಿದ್ದ ಬೀರದೇವ ಆಸ್ಪತ್ರೆಯಲ್ಲಿ ತೀರಿಕೊಂಡ. ಜನ ಅವನ ಮಣ್ಣು ಮುಗಿಸಿ ಬರುವಷ್ಟರಲ್ಲೇ ಇನ್ನೊಂದು ಸುದ್ದಿ ಹಬ್ಬಿತ್ತು: ಕಲ್ಲು ಎಸೆದ ಪ್ರಥಮೇಶನಿಗೆ ಫಾಶಿ ಖಂಡಿತ, ಕೊರಳಿಗೆ ಹಗ್ಗ ತಪ್ಪದು.

ಅವನ ತಾಯಿ ಬಾಳಾಬಾಯಿ ಒಲೆಯ ಮುಂದೆ ಕೂತು ಒಂದೇ ಸಮನೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತರೆ ಎದೆಯೂ ನಿಲ್ಲುತ್ತದೆ ಅನ್ನಿಸುತ್ತಿತ್ತು ಅವಳಿಗೆ.

ಓಣಿಯ ಅಂಗನವಾಡಿ ಸೇವಿಕೆ ಸ್ವಪ್ನಾಲಿ ಒಳಗೆ ಬಂದು ಬುಟ್ಟಿ ನೋಡಿದಳು.

"ಬಾಳಕ್ಕ, ಹಿಂಗ ಒಣಗಿಸಿದ ಕಟಕ ರೊಟ್ಟಿ ಯಾಕ? ಮನ್ಯಾಗ ಇರಾವರು ಬಿಸಿ ರೊಟ್ಟಿ ತಿಂತಾರ. ಇದು ದೂರ ಹೋಗಾವರ ಬುತ್ತಿ."

ಬಾಳಾಬಾಯಿಯ ಕಣ್ಣು ತಾನಾಗಿ ಹಿತ್ತಲಿನ ಜೋಳದ ಕಣಿಕೆಯ ಬಣವೆಯತ್ತ ಹೋಯಿತು. "ಬಾಡಿಗಿ ಜೀಪ ಹೇಳೀನಿ, ಮಗನ್ನ ಅದರಾಗ ಕಳಸ್ತೀನಿ. ಎಲ್ಲೆರ ಬದುಕಲಿ. ಇಲ್ಲಿದ್ದರ ಫಾಶಿ ಕೊಡತಾರ. ಇಪ್ಪತ್ತು ತುಂಬ್ಯಾವಂತ ಊರೆಲ್ಲ ಹೇಳತೈತಿ."

"ಊರಿಗಿ ಆ ಇಪ್ಪತ್ತು ಹೇಳಿದಾಕಿ ನೀನ."

ಖರೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಪೂರಾ ಪಗಾರ ಸಿಗಲೆಂದು ಹದಿನಾರರ ಮಗನ ವಯಸ್ಸನ್ನು ಅವಳೇ ಏರಿಸಿ ಹೇಳಿದ್ದಳು. ಓಣಿಯ ತಾಯಂದಿರೆಲ್ಲ ಹಾಗೇ ಹೇಳುತ್ತಿದ್ದರು.

"ಕೋರ್ಟು ಮೊದಲ ನೋಡೂದು ಸಾಲಿ ದಾಖಲ್ಯಾಗಿನ ಹುಟ್ಟಿದ ತಾರೀಖ," ಅಂದಳು ಸ್ವಪ್ನಾಲಿ. "ಗುನ್ಹೆ ಆದ ದಿನ ಹದಿನೆಂಟು ತುಂಬಿರದಿದ್ದರ ಫಾಶಿ ಇಲ್ಲ. ಕಾಯ್ದೆನ ಹಂಗೈತಿ."

"ಭಾಳ ಚಲೋ ಕಾಯ್ದೆ." ಬಾಗಿಲಲ್ಲಿ ಬೀರದೇವನ ಅಕ್ಕ ಗುರವ್ವ ನಿಂತಿದ್ದಳು. "ನನ್ನ ತಮ್ಮ ಮಣ್ಣಾಗ, ಅಂವ ಮನ್ಯಾಗ?"

"ಮನ್ಯಾಗ ಬಿಡಂಗಿಲ್ರಿ ಗುರವ್ವಕ್ಕ. ಬಾಲ ನ್ಯಾಯ ಮಂಡಳಿ ಮುಂದ ನಿಲ್ಲಬೇಕು. ಹದಿನಾರು ದಾಟಿದಾವರ ಗುನ್ಹೆ ಘೋರ ಇದ್ದರ ದೊಡ್ಡವರಂಗ ಖಟ್ಲೆನೂ ನಡಸಬಹುದು. ಜೀವ ಮಾತ್ರ ತಗಿಯಂಗಿಲ್ಲ."

"ಯಾಕ? ಕಲ್ಲ ಎತ್ತಾಕ ವಯಸ್ಸಾಗಿತ್ತಲ್ಲ?"

"ಎತ್ತಾಕ ಆಗಿತ್ರಿ. ಮುಂದಿಂದು ತಿಳ್ಯಾಕ ಆಗಿರಲಿಲ್ಲ. ಆ ಬುದ್ಧಿ ಇನ್ನೂ ಬೆಳ್ಯಾಕತ್ತೈತಿ, ತಿದ್ದಾಕ ಬರತೈತಿ. ಫಾಶಿ ಆದಮ್ಯಾಗ ಯಾರನ್ನ ತಿದ್ದೂದು?"

ಹೊರಗೆ ಬಾಡಿಗೆ ಜೀಪಿನ ಹಾರ್ನು ಕೂಗಿತು. ಬಣವೆ ಅಲುಗಿತು. ಪ್ರಥಮೇಶ ಹೊರಬಂದ, ತಲೆ ತುಂಬ ಕಣಿಕೆಯ ಎಲೆ. ಗುರವ್ವನನ್ನು ಕಂಡವನೇ ಕುಸಿದು ಕೂತ.

"ಅತ್ತಿ, ಸಾಯ್ತಾನಂತ ಗೊತ್ತಿರಲಿಲ್ರಿ."

ಹೊಡೆಯಲು ಎತ್ತಿದ ಗುರವ್ವನ ಕೈ ಅರ್ಧಕ್ಕೇ ನಿಂತಿತು. ಸಿಟ್ಟಿನಲ್ಲಿ ಕೈ ಎಷ್ಟು ಲಗೂನ ಏಳುತ್ತದೆಂದು ಅವಳಿಗೆ ಆಗ ತಿಳಿಯಿತು.

"ನಾ ನಿನ್ನ ಕ್ಷಮಿಸಂಗಿಲ್ಲ," ಅಂದಳು. "ಆದರ ಓಡಬ್ಯಾಡ, ಸಾಯಲೂಬ್ಯಾಡ. ಬದುಕಿ ನನಗ ಉತ್ತರ ಕೊಡು."

ಕಾದು ಕಾದು ಜೀಪು ಖಾಲಿಯೇ ಹೊರಟುಹೋಯಿತು. ಬಾಳಾಬಾಯಿ ಸೆರಗು ಬಿಗಿದಳು. ಮಗ ಬದುಕುತ್ತಾನೆ ಎಂಬ ಒಂದೇ ಮಾತು ಈಗ ಅವಳ ಎದೆಯಲ್ಲಿ ಕುಣಿಯುತ್ತಿತ್ತು. "ನಡಿ ಮಗಾ, ಠಾಣೆಗಿ. ನಿನ್ನ ಖರೇ ವಯಸ್ಸು ನಾನ ಹೇಳತೀನಿ."

"ನಾನೂ ಬರತೀನಿ. ಸರಕಾರದ ಪುಕ್ಕಟ ವಕೀಲರನ್ನ ಕೇಳೂಣು," ಅಂದಳು ಸ್ವಪ್ನಾಲಿ.

ಗುರವ್ವ ಬಾಗಿಲು ದಾಟುವ ಮುನ್ನ ತಿರುಗಿ ನೋಡಿದಳು. "ಬುತ್ತಿ ಬಿಟ್ಟ ಹೊಂಟೀರಲ್ಲ. ಠಾಣ್ಯಾಗೂ ಹಸಿವಾಗತೈತಿ."

ಅಕ್ಕ ತಂಗಿಯರೇ, ಪಗಾರದ ಆಸೆಗೆ ಮಕ್ಕಳ ವಯಸ್ಸು ಏರಿಸಬೇಡಿ. ತಪ್ಪು ಮಾಡಿದ ಮಗುವನ್ನು ಬಚ್ಚಿಡಬೇಡಿ, ಕೈಹಿಡಿದು ಕಾನೂನಿನ ಮುಂದೆ ಕರೆದೊಯ್ಯಿರಿ. ಗುಂಪು ಫಾಶಿ ಎಂದು ಕೂಗುವಾಗ ಆ ಮಗುವಿನ ವಯಸ್ಸೆಷ್ಟು ಎಂದು ಒಬ್ಬರಾದರೂ ಕೇಳಬೇಕು. ಆ ಒಬ್ಬರು ನೀವಾಗಿರಿ.