ಸೆರಗಿನ ಕೆಳಗಿನ ಕರಾರು

ವರ್ಗಾವಣೆಯ ಆದೇಶ ಬಂದ ದಿನ ಉಮಾ ಮಿರ್ಚಿ ಭಜಿಯ ಪೊಟ್ಟಣ ಹಿಡಿದುಕೊಂಡೇ ಮನೆಗೆ ಬಂದಳು. ಅವಳು ನರ್ಸು. ಗಜೇಂದ್ರಗಡದ ದವಾಖಾನೆ ಸಿಕ್ಕಿತ್ತು, ಅಲ್ಲಿಂದ ತವರು ಕೂಗಳತೆ ದೂರ. ಜೊತೆಗೆ ಮನೆ ಹಿಡಿದಿದ್ದ ಶೈಲಶ್ರೀ ಖುಷಿಪಟ್ಟಳು, ಗೆಳತಿಯ ಬೆನ್ನು ತಟ್ಟಿದಳು, ಒಂದು ಭಜಿ ಬಾಯಿಗಿಟ್ಟಳು. ಎರಡನೆಯದಕ್ಕೆ ಮಾತ್ರ ಕೈ ಹಾಕಲಿಲ್ಲ.

ಹಾಕುವುದಾದರೂ ಹೇಗೆ? ನರಗುಂದದ ಆ ಎರಡು ಖೋಲಿಯ ಮನೆಯ ಬಾಂಡ್ ಪೇಪರಿನ ಮೇಲೆ ಇಬ್ಬರ ಸಹಿಯೂ ಇತ್ತು. ಹನ್ನೊಂದು ತಿಂಗಳ ಕರಾರಿನಲ್ಲಿ ಅರ್ಧ ಇನ್ನೂ ಬಾಕಿ. ಬಾಡಿಗೆಗೆ ಇಬ್ಬರೂ ಕೂಡಿ ಹೊಣೆ, ಒಬ್ಬರು ಕೊಡದಿದ್ದರೆ ಇನ್ನೊಬ್ಬರೇ ಪೂರ್ತಿ ಹೊಣೆ ಎಂದು ಅದರಲ್ಲಿ ಬರೆದಿತ್ತು. ಖಾಸಗಿ ಶಾಲೆಯಲ್ಲಿ ಕಲಿಸುವ ಶೈಲಶ್ರೀಯ ಪಗಾರ ಅರ್ಧ ಬಾಡಿಗೆಗೇ ಏದುಸಿರು ಬಿಡುತ್ತಿತ್ತು. ಗಂಡ ಲಾರಿ ಹತ್ತಿದನೆಂದರೆ ಯಾವಾಗ ಇಳಿಯುತ್ತಾನೋ ಅವನಿಗೇ ಗೊತ್ತಿಲ್ಲ. ಮನೆ ಬಿಟ್ಟು ತನ್ನೂರು ಸವಡಿಗೆ ಹೋಗೋಣವೆಂದರೆ ಮಗಳ ಶಾಲೆ ಇದೇ ಓಣಿಯ ತುದಿಯಲ್ಲಿದೆ. ಸವಡಿಯ ಬಸ್ಸು ನಂಬಿದರೆ ತಾಯಿ ಮಗಳಿಬ್ಬರೂ ದಿನಾ ಪ್ರಾರ್ಥನೆ ಮುಗಿದ ಮೇಲೆಯೇ ಶಾಲೆ ಮುಟ್ಟುವುದು.

ಗಂಟುಮೂಟೆ ಕಟ್ಟಿ ಹೊರಟರೆ ತನ್ನ ಕೆಲಸ ಮುಗಿಯಿತೆಂದು ಉಮಾ ತಿಳಿದಿದ್ದಳು. ಶೈಲಶ್ರೀ ಬಾಂಡ್ ತೆಗೆದು ಓದಿ ಹೇಳಿದಳು. ಹೋದವರ ಸಹಿ ಹೋಗುವುದಿಲ್ಲ. ನಾಳೆ ಬಾಡಿಗೆ ತಪ್ಪಿದರೆ ಮಾಲಕರು ಗಜೇಂದ್ರಗಡಕ್ಕೇ ಬಂದು ಉಮಾಳನ್ನು ಕೇಳಬಹುದು. ಅವರು ಬಿಡುಗಡೆ ಬರೆದುಕೊಟ್ಟರೆ ಮಾತ್ರ ಬಿಡುಗಡೆ. ಠೇವಣಿ ಉಮಾ ಒಬ್ಬಳೇ ಕಟ್ಟಿದ್ದಳು. ಹೊಸ ಊರಲ್ಲಿ ಮನೆ ಹಿಡಿಯಲು ಅದೂ ಬೇಕಿತ್ತು.

"ಅಂದ್ರ ನಾ ಹೋದ್ರೂ ಹೋದಂಗಲ್ಲೇನಕ್ಕಾ?"

"ದೆವ್ವ ಆಗಿ ಇಲ್ಲೇ ಇರ್ತಿ. ಅರ್ಧ ಬಾಡಿಗಿ ಕೊಡೋ ದೆವ್ವ."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಭಜಿ ತಣ್ಣಗಾಗಿತ್ತು.

ಮರುದಿನದಿಂದಲೇ ಶೈಲಶ್ರೀ ಜೊತೆಗಾರ್ತಿಯನ್ನು ಹುಡುಕತೊಡಗಿದಳು. ಸಿಕ್ಕವಳು ದುರ್ಗಾ, ಹೊಳೆಮಣ್ಣೂರಿನವಳು, ಬಸ್ಸಿನ ಕಂಡಕ್ಟರು. ಮುಂಜಾನೆಯ ಪಾಳಿಗೆ ಊರಿಂದ ಬರುವುದು ಅವಳಿಗೆ ಆಗುತ್ತಿರಲಿಲ್ಲ. ನಾಳೆಯೇ ಟ್ರಂಕು ತರುತ್ತೇನೆ ಎಂದಳು. ಇನ್ನು ಮಾಲಕರು ಹೂಂ ಅನ್ನುವುದೊಂದೇ ಉಳಿದದ್ದು.

ಮಾಲಕ ಅಜ್ಜಪ್ಪನಿಗೆ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ. ಶೈಲಶ್ರೀ ಅಲ್ಲಿಗೇ ಹೋಗಿ ಎಲ್ಲ ಬಿಡಿಸಿ ಹೇಳಿದಳು. ಅವನು ತಕ್ಕಡಿಯಿಂದ ಕಣ್ಣು ತೆಗೆಯದೆ, ಅರ್ಧ ಮನೆ ಖಾಲಿಯಾಗುವುದೆಂದು ತಾನು ಎಲ್ಲೂ ಕೇಳಿಲ್ಲ, ಇದ್ದರೆ ಇಬ್ಬರೂ ಇರಲಿ, ಹೋದರೆ ಇಬ್ಬರೂ ಹೋಗಲಿ ಎಂದ. ಅವನ ಲೆಕ್ಕ ಬೇರೆಯೇ ಇತ್ತು. ಕಡಲೆ ಸುಗ್ಗಿ ಬಂದಿತ್ತು, ಗೋದಾಮು ತುಂಬಿತ್ತು. ಆ ಎರಡು ಖೋಲಿ ಸಿಕ್ಕರೆ ಚೀಲ ಒಟ್ಟಲು ಅನುಕೂಲ. ನಾಲ್ಕು ಚೀಲ ಆಗಲೇ ಗೆಳತಿಯರ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದವು.

ಕೊನೆಗೆ ನಗುತ್ತಲೇ ಅಂದ, "ಮನಿ ನನ್ನ ಹೆಸರಿಲೆ ಇಲ್ಲವಾ, ನಮ್ಮಾಕಿ ಹೆಸರಿಲೆ ಐತಿ. ಆಕಿ ಕೂಡ ಕುದುರಿಸ್ಕೋರಿ. ಆಕಿ ಮುಗಿಸಿದ್ದಕ್ಕ ನಾ ಒಲ್ಲೆ ಅನ್ನೂದಿಲ್ಲ."

ನಗಲು ಕಾರಣವಿತ್ತು. ಅವನ ಹೆಂಡತಿ ಕಳಕವ್ವ ದನದ ದಲ್ಲಾಳಿಯ ಮಗಳು. ಸಂತೆಯಲ್ಲಿ ದಲ್ಲಾಳಿಗಳು ಟಾವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಕಳಕವ್ವ ಟಾವೆಲ್ಲಿನ ಬದಲು ಸೆರಗು ಹಾಸುತ್ತಿದ್ದಳು. ಕಾಯಿಪಲ್ಲೆಯವಳಿಂದ ಬಳೆಗಾರನ ತನಕ ಎಲ್ಲರೂ ಆ ಸೆರಗಿನ ಕೆಳಗೆ ಸೋತವರೇ. ನೇಮ ಎರಡೇ: ಕೈಯೊಳಗಿನ ಮಾತು ನಡುವೆ ಬಾಯಿಗೆ ಬರಬಾರದು, ಬಂದರೆ ವ್ಯಾಪಾರ ಮುರಿದಂತೆ. ಮುಗಿದ ಮೇಲೆ ಯಾರೂ ತಿರುಗಿ ಬೀಳಬಾರದು.

ರವಿವಾರ ಸಂಜೆ ಪಕ್ಕದಲ್ಲೇ ಇದ್ದ ಮಾಲಕರ ಮನೆಯ ಕಟ್ಟೆಯ ಮೇಲೆ ಕೂಡಿದರು. ಉಮಾಳ ಬಿಡುಗಡೆಗೆ ಠೇವಣಿಯಲ್ಲಿ ಎಷ್ಟು ತಿಂಗಳ ಬಾಡಿಗೆಯ ಪಾಲು ಮುರಿದುಕೊಳ್ಳಬೇಕು ಎಂಬುದೇ ಮಾತು. ಹೊರೆ ಹೆಚ್ಚಾದರೆ ಉಮಾ ಹೋಗಲಾರಳು, ಕುದುರದಿದ್ದರೆ ಇಬ್ಬರೂ ಖಾಲಿ ಮಾಡಬೇಕು. ಅಜ್ಜಪ್ಪ ಎಲೆಅಡಿಕೆ ಮೆಲ್ಲುತ್ತ ಕುರ್ಚಿಯಲ್ಲಿ ಕೂತ. ಕಳಕವ್ವ ಸೆರಗು ಹಾಸಿದಳು. ಉಮಾ ಕೈಯಿಟ್ಟಳು.

ಕೈಯಿಟ್ಟವಳು ಸುಮ್ಮನೆ ಗಡಿಯಾರ ನೋಡತೊಡಗಿದಳು. ಕಳಕವ್ವನ ಹುಬ್ಬು ಗಂಟಾಯಿತು.

"ಅಮ್ಮಾರ," ಎಂದಳು ಉಮಾ, "ನಾಡಿ ಭಾಳ ಜೋರ ಓಡಾಕತ್ತೈತ್ರಿ. ಬಿಪಿ ಗುಳಿಗಿ ತಗೊಂಡೀರಿಲ್ಲೋ?"

ಅಜ್ಜಪ್ಪನ ದವಡೆ ನಿಂತಿತು. ಕಳಕವ್ವ ಕೈ ಕಿತ್ತುಕೊಂಡಳು. "ಎತ್ತಿನ ಹಲ್ಲ ನೋಡಂದ್ರ ಮಾಲಕನ ನಾಡಿ ಹಿಡೀತಿಯಲ್ಲ, ಎಂಥಾ ದಲ್ಲಾಳಿನ ನೀ? ನಮ್ಮಪ್ಪ ಇದ್ದಿದ್ರ ಸಂತಿ ಬಿಟ್ಟ ಓಡಿಹೋಗ್ತಿದ್ದ."

ವ್ಯಾಪಾರ ಮುರಿದಿತ್ತು. ಅಜ್ಜಪ್ಪನ ಕಣ್ಣು ಹೆಂಡತಿಯ ಮುಖದಿಂದ ಗೋಡೆಯ ಪಕ್ಕದ ಚೀಲಗಳತ್ತ ಹೋಯಿತು. ಅದನ್ನು ಕಂಡು ಶೈಲಶ್ರೀಗೆ ತಡೆಯಲಾಗಲಿಲ್ಲ. ಉಮಾಳನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂತಳು. ಸವಡಿಯ ಅವಳಜ್ಜ ಎತ್ತು ಮಾರುವಾಗ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಬೆರಳಿನ ಭಾಷೆ ಅಷ್ಟಿಷ್ಟು ನೆನಪಿತ್ತು.

ಹೊಸ ಕೈ, ಹೊಸ ವ್ಯಾಪಾರ ಎಂದು ಕಳಕವ್ವ ಮತ್ತೆ ಸೆರಗು ಹಾಸಿದಳು. ಮೂರು ಬೆರಳು ಎಂದಿತು ಕಳಕವ್ವನ ಕೈ. ಶೈಲಶ್ರೀ ಒಂದು ಹಿಡಿದಳು. ಮೇಲೆ ಕಳಕವ್ವ, ನನ್ನ ಮನೆ ಛತ್ರ ಮಾಡೀರಿ ಎಂದು ಬೈಯುತ್ತಿದ್ದಳು. ಕೆಳಗೆ ಎರಡಕ್ಕೆ ಬಂದಿದ್ದಳು. ಶೈಲಶ್ರೀ ಆ ಒಂದನ್ನು ಬಿಡಲಿಲ್ಲ. ಆಗ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಬಾಯಿ ಇಷ್ಟು ಗಟ್ಟಿಯಿದ್ದರೂ ಕಳಕವ್ವನ ಕಣ್ಣು ಮೇಲಿಂದ ಮೇಲೆ ಚೀಲಗಳತ್ತಲೇ ಹೋಗುತ್ತಿತ್ತು. ಹೋದ ವರ್ಷ ಚೀಲಗಳ ಜೊತೆ ಬಂದ ಇಲಿಗಳ ಕತೆಯನ್ನು ಇದೇ ಕಳಕವ್ವ ಎಷ್ಟು ಸಂಜೆ ಹೇಳಿರಲಿಲ್ಲ!

ಲೆಕ್ಕ ಹೇಳಬಾರದು, ಬೇರೆ ಮಾತಾಡಬಹುದಿತ್ತು. "ಅಮ್ಮಾರ," ಎಂದಳು ಮೆಲ್ಲಗೆ, "ಕಡಲಿ ಚೀಲ ಸಂಜಿಗಿ ಬಂದ ನಿಮ್ಮ ಕೂಡ ಚಾ ಕುಡಿಯೂದಿಲ್ರಿ."

ಕಳಕವ್ವ ಬೈಯುವುದನ್ನು ನಿಲ್ಲಿಸಿದಳು. ಸೆರಗಿನ ಕೆಳಗೆ ಅವಳ ಅಂಗೈ ಶೈಲಶ್ರೀಯ ಒಂಟಿ ಬೆರಳನ್ನು ಇಡಿಯಾಗಿ ಮುಚ್ಚಿಕೊಂಡಿತು.

"ಮುಗೀತು," ಎಂದಳು ಗಂಡನಿಗೆ. "ಒಂದ ತಿಂಗಳ."

ಅಜ್ಜಪ್ಪ ಬಾಯಿ ತೆರೆದ. ಪೇಟೆಯ ಮನುಷ್ಯ, ಮಾತು ಕೊಟ್ಟಿದ್ದ. ತೆರೆದ ಬಾಯಿಗೆ ಇನ್ನೊಂದು ಎಲೆ ಹಾಕಿಕೊಂಡ.

ಮರುದಿನ ಉಮಾಳಿಗೆ ಬಿಡುಗಡೆಯೆಂದು ಕಳಕವ್ವ ಬರೆಸಿ ಸಹಿ ಹಾಕಿದಳು, ಪಾಲು ಮುರಿದು ಠೇವಣಿ ಮರಳಿಸಿದಳು. ಹೊಸ ಬಾಂಡಿಗೆ ಶೈಲಶ್ರೀಯ ಜೊತೆ ದುರ್ಗಾಳ ಹೆಸರು ಬಿತ್ತು. ಇನ್ನು ಮುಂದೆ ಯಾರು ಹೋದರೂ ತಿಂಗಳು ಮೊದಲೇ ಹೇಳಿ, ಬೇರೆಯವರನ್ನು ತಂದು ಕೂರಿಸಿದರೆ ಅವರ ಹೊಣೆ ತೀರಿತು ಎಂಬ ಸಾಲನ್ನು ಶೈಲಶ್ರೀಯೇ ಹಟ ಹಿಡಿದು ಸೇರಿಸಿದಳು.

ಉಮಾ ಹೊರಡುವ ದಿನ ದುರ್ಗಾಳ ಟ್ರಂಕು ಬಂತು. ಅದರ ಒಂದು ಬದಿ ಹಿಡಿದು ಶೈಲಶ್ರೀ ಹೊಸ್ತಿಲು ದಾಟಿಸುತ್ತಿದ್ದಾಗ ಕಟ್ಟೆಯ ಮೇಲಿದ್ದ ಅಜ್ಜಪ್ಪ ಉಮಾಳನ್ನು ಕರೆದ. ಅತ್ತಿತ್ತ ನೋಡಿ ಮುಂಗೈ ಚಾಚಿ, ಅದರ ಮೇಲೆ ಟಾವೆಲ್ ಹಾಸಿದ.

"ಹೊಂಟೀಯಂತ... ನಂದೂ ಒಂದೀಟ ನೋಡವಾ."

ಉಮಾ ಕೈಯಿಟ್ಟು ಗಡಿಯಾರ ನೋಡಿದಳು. ಒಳಗಿನಿಂದ ಕಳಕವ್ವ ಕೇಳಿದಳು, "ಎಷ್ಟಕ್ಕ ಕುದುರ್ತವಾ?"

"ಟಾವೆಲ್ ಕೆಳಗಿನ ಮಾತ ಹೊರಗ ಹೇಳಬಾರದ್ರಿ ಅಮ್ಮಾರ," ಎಂದಳು ಉಮಾ.

ಶೈಲಶ್ರೀಗೆ ನಗು ತಡೆಯದೆ ಟ್ರಂಕು ಕೈಜಾರಿ ಹೊಸ್ತಿಲೊಳಗೆ ಧಪ್ಪನೆ ಕೂತಿತು.