ಬಚ್ಚಿಯ ಪಾಲಿನ ಗಟ್ಟಿ ಕಜ್ಜಾಯ

ಯುದ್ಧ ಶುರುವಾದ ವರ್ಷದ ದೀಪಾವಳಿ. ಹುತ್ತೂರಿನ ಗಂಗರತ್ನಮ್ಮನ ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥ ಹೊತ್ತಿನಲ್ಲೇ ನೋಮಿಗೆ, ಹಬ್ಬದ ವ್ರತಕ್ಕೆ, ಕಜ್ಜಾಯ ಸುಡಬೇಕು. ಮದುವೆಯಾದ ಮೇಲೆ ಮೊದಲ ಸಲ ಮಗಳು ಬಚ್ಚಮ್ಮ ಗಂಡನ ಜೊತೆ ವೇಮಗಲ್‌ನಿಂದ ಹಬ್ಬಕ್ಕೆ ಬರುತ್ತಿದ್ದಳು.

ಎಣ್ಣೆಯ ಹೊಗೆ ಹುಳುವಿಗೆ ಆಗದೆಂದು ಗಂಗರತ್ನಮ್ಮ ಹಿತ್ತಲಿನಲ್ಲಿ ಒಲೆ ಹೂಡಿದ್ದಳು. ಅವಳ ಅತ್ತೆ ದೊಡ್ಡವೆಂಕಟಮ್ಮ ಗೋಡೆಗೊರಗಿ ಕೂತು ನೋಡುತ್ತಿದ್ದಳು.

"ಎರಡೆರಡು ಪಾಕ ಯಾಕೇ? ನಿನ್ನ ಹುಳ ಅಲ್ಲಿ ಹಸ್ಕೊಂಡು ಸಾಯ್ತವೆ."

"ನಿಮಗೂ ನಿಮ್ಮ ಮಗನಿಗೂ ಮೆತ್ತಗಿರಬೇಕು. ನನ್ನ ಮಗಳಿಗೆ ಕಟುಂ ಅನ್ನಬೇಕು. ಇಷ್ಟು ವರ್ಷ ತಳದಲ್ಲಿ ಉಳಿದದ್ದೇ ಅವಳ ಪಾಲಾಯ್ತು. ಈ ಸಲ ಅವಳಿಗೇ ಅಂತ ಮಾಡ್ತೀನಿ."

"ಕಲ್ಲು ಕಡಿಯೋ ಹುಡುಗೀನ ಹೆತ್ತೆ ಬಿಡಮ್ಮ. ಹಲ್ಲಿದ್ದಾಗ್ಲೂ ನಾನು ಅಂಥಾದ್ದು ತಿಂದೋಳಲ್ಲ."

ಪ್ರತಿ ವರ್ಷವೂ ಹಾಗೇ ಆಗುತ್ತಿತ್ತು. ಒಲೆಯ ಮುಂದಿಂದ ಸೊಪ್ಪು ಹಾಕಲು ಎದ್ದು ಓಡಿ, ತಿರುಗಿ ಬರುವಷ್ಟರಲ್ಲಿ ಉಳಿದ ಹಿಟ್ಟು ಬಿರುಸಾಗಿ, ಕೊನೆಯ ಕಜ್ಜಾಯಗಳು ಕೆಂಪಗೆ ಗಟ್ಟಿಯಾಗಿಬಿಡುತ್ತಿದ್ದವು. ಅವೆಲ್ಲ ಬಚ್ಚಿಗೆ. ಅವಳಿಗೆ ಅದೇ ಇಷ್ಟವೆಂದು ಮನೆಗೆಲ್ಲ ಗೊತ್ತು. ಮದುವೆಯ ಚಪ್ಪರದಲ್ಲಿ ಬೀಗಿತಿ ಆಂಜಿನಮ್ಮನಿಗೂ ಗಂಗರತ್ನಮ್ಮ ಹೆಮ್ಮೆಯಿಂದಲೇ ಹೇಳಿದ್ದಳು: "ನಮ್ಮ ಹುಡುಗಿಗೆ ಮೆತ್ತಗಿರೋದು ಸೇರಲ್ಲ."

ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಹಾಗಾಗಿ ಪಾಕ ನೋಡುವುದು ಕಿವಿಯಿಂದ. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು ಉಂಡೆ ಮಾಡಿ ತಟ್ಟೆಗೆ ಹೊಡೆದಾಗ ಸದ್ದಿಲ್ಲದೆ ಕೂತರೆ ಮೆತ್ತನೆಯ ಕಜ್ಜಾಯ, ಟಣ್ ಎಂದರೆ ಗಟ್ಟಿ. ಎರಡನೆಯ ಪಾಕ ಟಣ್ ಎಂದಾಗ ಅವಳಿಗೆ ನಿದ್ದೆಗೆಟ್ಟ ಆಯಾಸವೆಲ್ಲ ಇಳಿದಂತಾಯಿತು.

ಪೂಜೆ ಮುಗಿಯಿತು. ಬಚ್ಚಿಯ ಎಲೆಗೆ ತಾಯಿ ಗಟ್ಟಿ ಕಜ್ಜಾಯಗಳನ್ನು ಪೇರಿಸಿದಳು. ಬಚ್ಚಿ ಒಂದನ್ನು ಮುರಿದು ಅಗಿದು, "ಚೆನ್ನಾಗೈತಮ್ಮ" ಎಂದಳು.

ಮಾರನೆಯ ದಿನ ಮೆತ್ತನೆಯವು ನೆಂಟರ ಮನೆಗಳಿಗೆ ಹಂಚಿ ಖಾಲಿಯಾದವು. ಬರಿಯ ಸೊಪ್ಪಿನ ಕುಕ್ಕೆ ಹಿಡಿದು ಗಂಗರತ್ನಮ್ಮ ಹುಳದ ಕೋಣೆಯಿಂದ ಹೊರಬಂದಾಗ, ಬಚ್ಚಿ ಅಜ್ಜಿಯ ತಟ್ಟೆಯಲ್ಲಿ ಉಳಿದ ಮೆತ್ತನೆಯ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತಿನ್ನುತ್ತಿದ್ದಳು.

"ಹಲ್ಲು ನೋಯ್ತದೇನೇ?"

ಬಚ್ಚಿ ಬೆಚ್ಚಿ ಕೈ ಒರೆಸಿಕೊಂಡಳು. "ಇಲ್ಲಮ್ಮ. ಸುಮ್ನೆ."

"ಸುಮ್ನೆ ಅಂದ್ರೆ?"

"ನಂಗೆ ಮೊದಲಿಂದ ಇದೇ ಇಷ್ಟ."

"ಮತ್ತೆ ಗಟ್ಟಿಯದೇ ಬೇಕು ಅಂತಿದ್ದೆಯಲ್ಲೇ!"

"ಚಿಕ್ಕೋಳಿದ್ದಾಗ ಒಂದ್ಸಲ ನೀನು ಹುಳಕ್ಕೆ ಸೊಪ್ಪು ಹಾಕಿ ಬಂದು, ಈ ಗಟ್ಟಿಯವು ಯಾರು ತಿಂತೀರಾ ಅಂದೆ. ಯಾರೂ ಮಾತಾಡ್ಲಿಲ್ಲ. ನಿನ್ನ ಮುಖ ನೋಡಕ್ಕಾಗ್ಲಿಲ್ಲ. ನಾನೇ, ನಂಗೆ ಇಷ್ಟ ಅಂದೆ. ನೀನು ನಕ್ಕೆ."

ಗಂಗರತ್ನಮ್ಮ ಕುಕ್ಕೆಯನ್ನು ಕೆಳಗಿಟ್ಟಳು.

"ನಿಮ್ಮತ್ತೆ ಮನೇಲಿ?"

"ಅಲ್ಲೂ ಅಷ್ಟೇ. ಒಬ್ಬಟ್ಟು ಮಾಡಿದ್ರೆ ಸೀದದ್ದು, ಹಾಲು ಕಾಯಿಸಿದ್ರೆ ತಳ ಹಿಡಿದದ್ದು, ಎಲ್ಲಾ ಎತ್ತಿಡ್ತಾರೆ. ಸೊಸೆಗೆ ಇಷ್ಟ ಅಂತ. ಪಾಪ, ಪ್ರೀತಿಯಿಂದಲೇ ಕೊಡ್ತಾರೆ."

"ಬೇಡ ಅನ್ನೋದಕ್ಕೆ ಬಾಯಿರಲಿಲ್ವಾ?"

"ನಮ್ಮಮ್ಮ ಹೇಳಿದ್ದು ಸುಳ್ಳು ಅಂತ ಹೆಂಗಮ್ಮ ಹೇಳ್ಲಿ?"

ಗಂಗರತ್ನಮ್ಮ ಹಿಟ್ಟಿನ ಪಾತ್ರೆ ತೆಗೆದು ನೋಡಿದಳು. ಉಳಿದದ್ದೆಲ್ಲ ಗಟ್ಟಿ ಪಾಕದ್ದೇ. ಅಕ್ಕಿ ನೆನೆಹಾಕಿ, ಆರಿಸಿ, ಕುಟ್ಟಿ, ಪಾಕ ಹಿಡಿದು, ಹಿಟ್ಟು ಹದಕ್ಕೆ ಬರುವ ತನಕ ಕಾಯಲು ಹೊತ್ತೆಲ್ಲಿದೆ? ಮಗಳು ಅಳಿಯ ಹೊರಡಲೆಂದು ಹೊರಗೆ ಗಾಡಿಗೆ ಎತ್ತು ಕಟ್ಟುತ್ತಿದ್ದರು. ಮಗಳಿಗೆಂದು ಬೆಳಿಗ್ಗೆಯೇ ಡಬ್ಬದ ತುಂಬ ಗಟ್ಟಿ ಕಜ್ಜಾಯ ತುಂಬಿಸಿಟ್ಟಿದ್ದಳು.

ಅವಳು ಅಳಿಯ ವೆಂಕಟರಾಯಪ್ಪನ ಹತ್ತಿರ ಹೋದಳು. "ನೋಡಪ್ಪಾ, ನಿಮ್ಮಮ್ಮನಿಗೆ ಹೇಳು. ಬಚ್ಚಿಗೆ ಮೆತ್ತಗಿರೋದೇ ಇಷ್ಟ ಅಂತೆ. ನನಗೇ ಗೊತ್ತಿರಲಿಲ್ಲ."

ವೆಂಕಟರಾಯಪ್ಪ ಗಟ್ಟಿಯಾಗಿ ನಕ್ಕ. "ಏನತ್ತೆ, ತಮಾಷೆ ಮಾಡ್ತೀರಾ? ಡಬ್ಬದ ತುಂಬ ಇವನ್ನೇ ಕೊಟ್ಟು ಹಿಂಗಂತೀರಲ್ಲ! ಹೆತ್ತ ತಾಯಿಗೆ ಗೊತ್ತಿಲ್ದೆ ಇರ್ತದಾ?"

"ಇಲ್ಲಪ್ಪಾ, ನಿಜವಾಗ್ಲೂ..."

"ನಮ್ಮಮ್ಮನಿಗೆ ಹೇಳಿದ್ರೆ ನಂಗೇ ಬಯ್ತಾಳೆ, ಸೀದದ್ದು ತಿನ್ನೋಕೆ ನಿಂಗೆ ಆಸೆ ಬಂತೇನ್ಲಾ ಅಂತ."

ಗಾಡಿಯಲ್ಲಿ ಕೂತಿದ್ದ ಬಚ್ಚಿಯೂ ನಕ್ಕಳು. "ಬಿಡಮ್ಮ, ನಂಗೆ ಅಭ್ಯಾಸ ಆಗೈತೆ" ಎಂದು ಡಬ್ಬವನ್ನು ಮಡಿಲಿಗೆ ಎಳೆದುಕೊಂಡಳು.

ಗಾಡಿ ಬೀದಿಯ ಕೊರಕಲಿಗೆ ಇಳಿದಾಗ ಡಬ್ಬದೊಳಗೆ ಕಜ್ಜಾಯಗಳು ಲಟಲಟ ಎಂದವು. ತಿರುವಿನ ತನಕ ಆ ಸದ್ದು ಕೇಳುತ್ತಲೇ ಇತ್ತು.

"ಸೊಪ್ಪು ಹಾಕಲ್ವೇನೇ? ಹುಳ ಹಸ್ಕೊಂಡು ತಲೆ ಎತ್ಕೊಂಡವೆ" ಎಂದು ಒಳಗಿಂದ ಅತ್ತೆ ಕೂಗಿದಳು.

ಗಂಗರತ್ನಮ್ಮ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು.